ದೂರ ನಡಿಯೋರಿಗೆ ಏನು ಕೊಡಬೇಕು, ಏನು ಕೊಡಬಾರದು



ಹೋದ ವಾರ ನಮ್ಮ ಓಣಿಯ ಅಕ್ಕಾರೊಬ್ರು ಸಂಜಿಮುಂದ ಬಂದು ಕುಂತ್ರು. ಅವರ ತಂಗಿ ಮಗ ಅಮೇರಿಕಾದಾಗ ಇರ್ತಾನ. ಬರೋ ಮಾರ್ಚಿನ್ಯಾಗ ನೌಕರಿಗೆ ಆರು ತಿಂಗಳು ರಜಾ ಹಾಕಿ ಅಪಲೇಶಿಯನ್ ಟ್ರೇಲ್ ಅನ್ನೋ ಗುಡ್ಡದ ಹಾದಿ ನಡೀಲಿಕ್ಕೆ ಹೊಂಟಾನಂತ. ಅದಕ್ಕಿಂತ ಮೊದಲ ಸಂಕ್ರಾಂತಿಗೆ ಊರಿಗೆ ಬರ್ತಾನ. "ನಿಮ್ಮ ಅಣ್ಣನ ಮಗಳೂ ಅದ ಹಾದಿ ನಡದಾಳಲ್ರಿ, ಇವಗ ಏನು ಕೊಡೂಣು ಹೇಳ್ರಿ. ಒಂದು ಬೆಳ್ಳಿ ಗ್ಲಾಸು ಕೊಟ್ರ ಹೆಂಗ?" ಅಂತ ಕೇಳಿದ್ರು.

ಚಾ ಕುಡ್ಕೋತ ಒಂದು ತಾಸು ಮಾತಾಡಿದ್ವಿ. ಅವರು ಹೋದ ಮ್ಯಾಲ ಅನಿಸ್ತು, ಈಗ ನಮ್ಮ ಬಳಗದಾಗ ಟ್ರೆಕ್ಕಿಂಗು, ಪಾದಯಾತ್ರಿ ಅಂತ ನಡಿಯೋರು ಭಾಳ ಆಗ್ಯಾರ, ಈ ಮಾತು ಎಲ್ಲಾರಿಗೂ ಉಪಯೋಗ ಆಗ್ತೈತಿ ಅಂತ. ಅದಕ್ಕ ಬರೀಲಿಕ್ಕೆ ಕುಂತೀನಿ.

ಮೊದಲ ಆ ಹಾದಿ ಎಂಥಾದ್ದು ಹೇಳ್ತೀನಿ. ಅಮೇರಿಕಾದ ದಕ್ಷಿಣಕ್ಕ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಗುಡ್ಡದಿಂದ ಶುರು ಆಗಿ, ಉತ್ತರಕ್ಕ ಮೇನ್ ರಾಜ್ಯದ ಕಟಾಡಿನ್ ಗುಡ್ಡದ ತುದಿಗೆ ಮುಗೀತೈತಿ. 14 ರಾಜ್ಯ ದಾಟ್ಬೇಕು. ಸುಮಾರು 3,500 ಕಿಲೋಮೀಟರು, ಅಂದ್ರ ನಮ್ಮ ಧಾರವಾಡದಿಂದ ದಿಲ್ಲಿಗೆ ನಡಕೊಂಡ ಹೋಗಿ ನಡಕೊಂಡ ತಿರಗಿ ಬಂದಂಗ. ಅದೂ ಸಪಾಟ ರಸ್ತೆ ಅಲ್ಲ, ಗುಡ್ಡ ಹತ್ತೂದು, ಇಳಿಯೂದು. ಗಿಡಕ್ಕ, ಕಲ್ಲಿಗೆ ಬಳದ ಬಿಳಿ ಪಟ್ಟಿ ನೋಡ್ಕೋತ ಹೋಗ್ಬೇಕು. ರಾತ್ರಿ ಟೆಂಟಿನ್ಯಾಗ, ಇಲ್ಲಾ ಮೂರು ಗ್ವಾಡಿ ಒಂದು ಚಾವಣಿ ಇದ್ದ ಗುಡಸಲಾಗ ಮಲಗ್ಬೇಕು. ಪೂರಾ ನಡಿಯೋರಿಗೆ ಐದರಿಂದ ಏಳು ತಿಂಗಳು ಹಿಡೀತೈತಿ. ಶುರು ಮಾಡಿದ ನಾಕು ಮಂದಿಯೊಳಗ ಹೆಚ್ಚು ಕಡಿಮಿ ಒಬ್ರು ಮುಗಸ್ತಾರಂತ.

ನಮ್ಮ ಹುಡುಗಿ ಹೋದ ವರ್ಷ ಸಂಕ್ರಾಂತಿಗೆ ಊರಿಗೆ ಬಂದಾಗ ಈ ಸುದ್ದಿ ಹೇಳಿದ್ಲು. ಆಕಿಗೆ 29 ವರ್ಷ. ಲಗ್ನ ಆಗಿಲ್ಲ. ಒಬ್ಬಾಕೀನ ಹೋಗ್ತೀನಿ ಅಂದ್ಲು. ನಮ್ಮ ವೈನಿ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಅಣ್ಣ ಮಾತ್ರ "ಆಕಿ ರೊಕ್ಕ, ಆಕಿ ಕಾಲು" ಅಂದು ಸುಮ್ಮನಾದ.

ಹೊಂಡೂಕಿಂತ ಮೊದಲ ಬಳಗದವ್ರನ್ನೆಲ್ಲಾ ಊಟಕ್ಕ ಕರದಿದ್ರು. ಎಲ್ಲಾರೂ ಕೈಯಾಗ ಏನರೆ ಹಿಡಕೊಂಡ ಬಂದ್ರು. ಬೆಳ್ಳಿ ಗಣಪತಿ, ಇಳಕಲ್ ಸೀರಿ, ಸ್ಟೀಲಿನ ಥರ್ಮಾಸು, ದಪ್ಪನ್ನ ವಚನದ ಪುಸ್ತಕ, ಎರಡು ಲೀಟರಿನ ಕುಕ್ಕರು, ಫ್ರೇಮ್ ಹಾಕಿದ ಮನಿದೇವರ ಫೋಟೋ. ನಾನೇನು ಕಡಿಮಿ? ಹತ್ತೀದು ಮೆತ್ತನ್ನ ಎರಡು ಛಾದರ ತಂದಿದ್ದೆ.

ಮಂದಿ ಹೋದ ಮ್ಯಾಲ ಆಕಿ ಅಡಗಿಮನ್ಯಾಗ ಹಿಟ್ಟು ತೂಗೋ ಕಾಟಾ ತಗದು, ಒಂದೊಂದ ಇಟ್ಟು ತೂಗಿದ್ಲು. ನಗ್ಕೋತ ತೂಗಿದ್ಲು, ಖರೆ. ಒಟ್ಟು 11 ಕಿಲೋ ಮ್ಯಾಲ ಆತು. "ಅತ್ತೀ, ಊಟ ನೀರು ಬಿಟ್ಟು ನನ್ನ ಪೂರಾ ಚೀಲ 7 ಕಿಲೋ ಐತಿ. ಟೆಂಟು, ಹಾಸಿಗಿ, ಅರಿವಿ ಎಲ್ಲಾ ಹಿಡದು. ನಾಕು ದಿನದ ಊಟ ಹಾಕಿ, ಎರಡು ಲೀಟರು ನೀರು ತುಂಬಿದ್ರ 12 ಆಗ್ತೈತಿ. ಹಲ್ಲು ತಿಕ್ಕೋ ಬ್ರಶ್ಶಿನ ಹಿಡಿಕಿ ಕೊಯ್ದು ಒಗದೀನಿ" ಅಂದ್ಲು. ನಾ ಅಂದೆ, ಹಿಡಿಕಿ ಕೊಯ್ದ್ರ ಎಷ್ಟು ಉಳದೀತವ್ವಾ? "ಹತ್ತು ಗ್ರಾಮ್ ಸೈತ ಉಳೀಲಿಕ್ಕಿಲ್ಲ, ಆದ್ರ ಅಂಥಾವು ಐವತ್ತು ಸಾಮಾನು ಅದಾವಲ್ಲ" ಅಂದ್ಲು.

ಎಲ್ಲಾ ವೈನಿ ಕಪಾಟಿನ್ಯಾಗ ಹೋದ್ವು. ನನ್ನ ಛಾದರಾನೂ ಅಲ್ಲೇ ಹೋದ್ವು.

ಆವತ್ತು ನನಗ ನಮ್ಮ ಮನಿಯವ್ರ ಶ್ರೀಶೈಲದ ಪಾದಯಾತ್ರಿ ನೆನಪಾತು. ನಮ್ಮ ಕಡೆಯಿಂದ ಯುಗಾದಿ ಜಾತ್ರಿಗೆ ಸಾವಿರಾರು ಮಂದಿ ನಡಕೊಂಡ ಮಲ್ಲಯ್ಯನ ದರ್ಶನಕ್ಕ ಹೋಗೂದು ನಿಮಗೆ ಹೊಸಾದಲ್ಲ. 2011ರಾಗ ಇವರು ಮೊದಲನೇ ಸಲ ಹೊಂಟ್ರು. ಇಲ್ಲಿಂದ ನಾನೂರು ಕಿಲೋಮೀಟರಿಗಿಂತ ಜಾಸ್ತಿ. ರಾಯಚೂರು, ಕರ್ನೂಲು ದಾಟಿ, ಆತ್ಮಕೂರಿಂದ ಮುಂದ ನಲ್ಲಮಲ ಕಾಡು. ನಾ ಪ್ರೀತಿಲೆ ಚೀಲ ಕಟ್ಟಿದೆ. ತಾಮ್ರದ ತಂಬಗಿ, ದಪ್ಪನ್ನ ಕೌದಿ, ಸ್ಟೀಲ್ ಡಬ್ಬಿ ತುಂಬ ಚೂಡಾ, ಶೇಂಗಾ ಹೋಳಿಗಿ ಮೂವತ್ತು, ಎರಡು ಜೋಡಿ ಧೋತರ. ಮ್ಯಾಲ ಹೊಸಾ ಚರ್ಮದ ಚಪ್ಪಲಿ ಬ್ಯಾರೆ ಕೊಡಿಸಿದೆ.

ಮೂರನೇ ದಿನ ಕಾಲ ತುಂಬ ಗುಳ್ಳಿ. ಹೊಸಾ ಚಪ್ಪಲಿ ಹಿಮ್ಮಡ ಕಚ್ಚಿತ್ತು. ಕೊಪ್ಪಳದ ಕಡೆ ಒಂದು ಹಳ್ಳ್ಯಾಗ ಒಂದು ಮನಿ ಕಟ್ಟಿ ಮ್ಯಾಲ ಕುಂತುಬಿಟ್ಟಾರ. ಆ ಮನಿ ತಾಯಿ ಏನೂ ಕೇಳ್ದ ಬಿಸಿನೀರು ತಂದು ಕಾಲ ಮುಂದ ಇಟ್ಟಾಳ. ಕೊಬ್ಬರೆಣ್ಣಿಯಾಗ ಅರಿಷಿಣ ಕಲಸಿ ಕೊಟ್ಟಾಳ. ಮಜ್ಜಿಗಿ ಕೊಟ್ಟಾಳ. ಇವರು ತಂಬಗಿ, ಕೌದಿ, ಡಬ್ಬಿ ಎಲ್ಲಾ ಅಲ್ಲೇ ಬಿಟ್ಟು, ಹಳೀ ಚಪ್ಪಲಿ ಹಾಕ್ಕೊಂಡು ಮುಂದ ಹೋದ್ರು. ತಿರಗಿ ಬಂದ ಮ್ಯಾಲ ನಾ ಸಿಟ್ಟಿಗೆದ್ದೆ, ತಂಬಗಿ ನಮ್ಮವ್ವ ಕೊಟ್ಟಿದ್ದಿತ್ತು. ಅವರು ಸಾವಕಾಶ ಅಂದ್ರು, "ನೀ ಪ್ರೀತಿ ಕಟ್ಟಿದಿ, ಹೊತ್ತಾವ ನಾ."

ಇಷ್ಟು ವರ್ಷ ಆದ್ರೂ ನಾ ಕಟ್ಟಿದ ಚೀಲದಾಗ ಏನಿತ್ತು ಅಂತ ಅವರಿಗೆ ನೆನಪಿಲ್ಲ. ಆ ತಾಯಿ ಕೊಟ್ಟ ಬಿಸಿನೀರು ನೆನಪೈತಿ.

ಅದಕ್ಕ ನನ್ನ ಅಭಿಪ್ರಾಯ ಇಷ್ಟ: ನಡಿಯೋರಿಗೆ ಕೊಡೂದು ತಿಂದು, ಬಳಸಿ ಖಾಲಿ ಆಗಿ ಹೋಗೂವಂಥಾದ್ದು ಇರ್ಬೇಕು. ಹೊಂಡೂ ಮುಂದ ಕೊಡೂದಕ್ಕಿಂತ ನಡು ಹಾದ್ಯಾಗ ಮುಟ್ಟಿಸಿದ್ರ ಇನ್ನೂ ಛಲೋ. ಕೊಡೂಕಿಂತ ಮೊದಲ ಅವರನ್ನ ಕೇಳ್ರಿ. ಕೇಳಿದ್ರ ಮಜಾ ಹೋಗ್ತೈತಿ ಅಂತೀವಿ ನಾವು. ಮಜಾ ಹೋದ್ರ ಹೋಗ್ಲಿ, ಹೊರೂದು ತಪ್ಪಲಿ.

ಕೊಡಬಾರದ್ದು ಮೊದಲ ಹೇಳ್ತೀನಿ.

ಬೂಟು, ಚಪ್ಪಲಿ ಕೇಳ್ದ ಕೊಡಬ್ಯಾಡ್ರಿ. ತಿಂಗಳಗಟ್ಲೆ ನಡದ್ರ ಕಾಲು ಬಾತು, ಬೂಟಿನ ಅಳತಿ ಬದಲಾಗ್ತೈತಿ. ನಮ್ಮ ಹುಡುಗಿಗೆ ಎರಡು ತಿಂಗಳದಾಗ ಒಂದು ನಂಬರ್ ದೊಡ್ಡದು ಬೇಕಾತು. ಬೂಟು ಕೊಡೂ ಮನಸ್ಸಿದ್ರ ಅದರ ರೊಕ್ಕ ಕೊಡ್ರಿ.

ಹತ್ತಿ ಅರಿವಿ ಬ್ಯಾಡ. ಇದು ಕೇಳಿ ನನಗೂ ಆಶ್ಚರ್ಯ ಆತು. ನಮ್ಮ ಬಿಸಲಿಗೆ ಹತ್ತಿನ ಛಲೋ. ಆದ್ರ ಥಂಡಿ ಗುಡ್ಡದಾಗ ಹತ್ತಿ ಹಸಿ ಆದ್ರ ಲಗೂ ಒಣಗೂದಿಲ್ಲ, ಮೈಯಾಗಿನ ಬಿಸಿ ಎಲ್ಲಾ ಎಳಕೊಂಡುಬಿಡ್ತೈತಿ, ಜೀವಕ್ಕ ಅಪಾಯ. ಉಣ್ಣಿ ಹಂಗಲ್ಲ, ಹಸಿ ಆದ್ರೂ ಬೆಚ್ಚಗ ಇಡ್ತೈತಿ. ಅದಕ್ಕ ಉಣ್ಣಿ ಕಾಲಚೀಲ ಅಂದ್ರ ನಡಿಯೋರಿಗೆ ಬಂಗಾರ ಇದ್ದಂಗ. ನಾ ಛಾದರ ತಿರಗಿ ತಗೊಂಡು ಉಣ್ಣಿ ಟೊಪಗಿ ಒಂದು ಹೆಣದು ಕೊಟ್ಟೆ. ಕಾಟಾ ಮ್ಯಾಲ ಇಟ್ಟು "ಐವತ್ತೈದು ಗ್ರಾಮ್, ಪಾಸ್" ಅಂದ್ಲು.

ವಾಸನಿ ಸಾಮಾನು ಬ್ಯಾಡ. ಆ ಕಾಡಿನ್ಯಾಗ ಕರಡಿ ಅದಾವ. ಊಟದ ಚೀಲ ರಾತ್ರಿ ಗಿಡಕ್ಕ ದೂರ ನೇತಹಾಕ್ಬೇಕು, ಇಲ್ಲಾ ಕಬ್ಬಿಣದ ಪೆಟ್ಟಿಗಿಯೊಳಗ ಇಡಬೇಕು. ಘಮಘಮ ಸಾಬೂನು, ಊದಿನಕಡ್ಡಿ, ಮಲ್ಲಿಗಿ ಎಣ್ಣಿ ಟೆಂಟಿನ್ಯಾಗ ಇಟ್ಕೊಂಡು ಮಲಗಿದ್ರ ಕರಡಿಗೆ ಆಮಂತ್ರಣ ಕೊಟ್ಟಂಗ.

ಇನ್ನ ಕೊಡಬೇಕಾದ್ದು. ಇಲ್ಲಿ ನಮ್ಮ ಅಡಗಿಮನಿ ಯಾರಿಗೂ ಕಡಿಮಿ ಇಲ್ಲ.

ಪೂರಾ ದಿನ ಗುಡ್ಡ ಹತ್ತೋ ಮಂದಿಗೆ ಎಷ್ಟು ತಿಂದ್ರೂ ಹಸಿವಿ. ಕಡಿಮಿ ತೂಕದಾಗ ಜಾಸ್ತಿ ಶಕ್ತಿ ಬೇಕು, ಅಂದ್ರ ಎಣ್ಣಿ, ತುಪ್ಪ, ಶೇಂಗಾ, ಕೊಬ್ಬರಿ, ಬೆಲ್ಲ. ನಮ್ಮ ಬಾಣಂತಿ ಊಟ ನೋಡ್ರಿ! ಅಂಟಿನ ಉಂಡಿಯೊಳಗ ಇದೆಲ್ಲಾ ಐತಿ. ಉತ್ತತ್ತಿ, ಒಣಕೊಬ್ಬರಿ, ಬದಾಮಿ, ತುಪ್ಪದಾಗ ಅರಳಿಸಿದ ಅಂಟು, ಬೆಲ್ಲ. ತಿಂಗಳು ಇಟ್ರೂ ಕೆಡೂದಿಲ್ಲ, ಒಂದು ಉಂಡಿ ತಿಂದ್ರ ಒಂದು ಗುಡ್ಡ ದಾಟಬಹುದು ಅಂತಿದ್ಲು. ತೆಳು ಅವಲಕ್ಕಿ, ಪುಟಾಣಿ ಹಿಟ್ಟು ಛಲೋ. ತಣ್ಣೀರಾಗ ಕಲಸಿದ್ರ ಸಾಕು, ಒಲಿ ಬ್ಯಾಡ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಕೊಡ್ರಿ, ಗಾಜಿನ ಬಾಟಲಿ ಬ್ಯಾಡ. ಅಲ್ಲಿ ಮಂದಿ ಟೊರ್ಟಿಯಾ ಅಂತ ಚಪಾತಿಯಂಥಾದ್ದು ಹೊರತಾರ, ಅದರ ಮ್ಯಾಲ ನಮ್ಮ ಚಟ್ನಿ ಉದುರಿಸಿಕೊಂಡು ತಿಂತಿದ್ಲು.

ಖಡಕ್ ರೊಟ್ಟಿ ಬಗ್ಗೆ ಒಂದು ಮಾತು. ಹಗುರ ಅದಾವ, ಕೆಡೂದಿಲ್ಲ, ಇದಕ್ಕಿಂತ ಛಲೋ ಏನೈತಿ ಅಂತ ನಾ ಇಪ್ಪತ್ತು ಕಟ್ಟಿ ಕಳಿಸಿದೆ. ಎರಡನೇ ದಿನಕ್ಕ ಚೀಲದಾಗ ಪುಡಿ ಪುಡಿ. ಆಕಿ ಆ ಪುಡಿಗೆ ಎಣ್ಣಿ, ಚಟ್ನಿ ಹಾಕಿ ಕಲಸಿ ಚಮಚಾದಲೆ ತಿಂದ್ಲಂತ. ಕಳಿಸಬೇಕಂದ್ರ ಮನ್ಯಾಗ ಮುರದು ಪುಡಿ ಮಾಡೇ ಕಳಿಸ್ರಿ, ಜಾಗಾನೂ ಉಳೀತೈತಿ.

ನಡು ಹಾದ್ಯಾಗ ಹೆಂಗ ಮುಟ್ಟಿಸೂದು? ಮೂರು ನಾಕು ದಿನಕ್ಕೊಮ್ಮೆ, ಕೆಲವು ಕಡೆ ವಾರಕ್ಕೊಮ್ಮೆ, ನಡಿಯೋರು ಹತ್ತಿರದ ಊರಿಗೆ ಇಳದು ಸಾಮಾನು ತುಂಬಿಕೊಂತಾರ. ಆ ಊರಿನ ಪೋಸ್ಟ್ ಆಫೀಸಿಗೆ, ನಡಿಯೋರ ಹೆಸರು ಬರದು, ಜನರಲ್ ಡೆಲಿವರಿ ಅಂತ ಹಾಕಿ, ಯಾವ ತಾರೀಕಿನ ಸುತ್ತ ಬರ್ತಾರ ಅಂತ ಬರದು ಪಾರ್ಸೆಲ್ ಕಳಿಸಿದ್ರ, ಅವರು ಕೆಲವು ದಿನ ಇಟ್ಕೊಂಡು ಗುರುತಿನ ಚೀಟಿ ನೋಡಿ ಕೊಡ್ತಾರ. ನನ್ನ ಮಗಳು ನ್ಯೂಜೆರ್ಸಿಯೊಳಗ ಇರ್ತಾಳ, ಆಕೀನ ಕಳಿಸ್ತಿದ್ಲು. ಮೊದಲನೇ ಡಬ್ಬಿ ಮ್ಯಾಲ ನಾವು ಮನ್ಯಾಗ ಕರಿಯೋ ಹೆಸರು ಬರದು ಫಜೀತಿ ಆತು, ಗುರುತಿನ ಚೀಟಿಗೆ ಹೊಂದಲಿಲ್ಲ. ಇನ್ನೊಂದು, ಶನಿವಾರ ಸಂಜಿಮುಂದ ಊರಿಗೆ ಮುಟ್ಟಿದ್ರ ಪೋಸ್ಟ್ ಆಫೀಸು ಸೋಮವಾರ ತಗೀತೈತಿ, ಎರಡು ದಿನ ಕಾಯಬೇಕು. ಅದಕ್ಕ ದಿನಾ ಲೆಕ್ಕ ಹಾಕಿ, ಅವರನ್ನ ಕೇಳಿ ಕಳಿಸ್ಬೇಕು.

ಇದೆಲ್ಲಾ ಆಗೂದಿಲ್ಲ ಅಂದ್ರ ರೊಕ್ಕ ಕೊಡ್ರಿ. ಒಂದು ರಾತ್ರಿ ಹೋಟೆಲ್ಲು, ಬಿಸಿನೀರಿನ ಜಳಕ, ಅರಿವಿ ಒಗ್ಯೋ ಮಶಿನ್ನಿನ ಖರ್ಚು. ಹತ್ತು ದಿನ ಜಳಕ ಇಲ್ಲದವ್ರಿಗೆ ಅದಕ್ಕಿಂತ ದೊಡ್ಡ ಆಯೇರಿ ಯಾವುದೈತಿ?

"ಉಡುಗೊರಿ ಅಂದ್ರ ನೆನಪಿಗೆ ಉಳೀಬೇಕು, ತಿಂದು ಖಾಲಿ ಆದ್ರ ಏನು ಉಳೀತು?" ಅಂತ ಅಕ್ಕಾರು ಕೇಳಿದ್ರು. ಮಾತು ಖರೆ ಐತಿ. ಯುಗಾದಿಗೆ ನಮ್ಮ ಮಂದಿ ಭ್ರಮರಾಂಬಾ ತಾಯಿಗೆ ಮನಿ ಮಗಳು ಅಂತ ಸೀರಿ, ಕುಬಸ ಹೊತ್ಕೊಂಡ ಹೋಗೂದಿಲ್ಲೇನು? ಹೋಗ್ತಾರ. ಆದ್ರ ಅದು ನಡಿಯೋರು ತಾವ ಹೊತ್ತ ಹರಕಿ. ಅವರು ಮನಸಾರೆ ಹೊತ್ರ ಅದು ಭಾರ ಅನಸೂದಿಲ್ಲ. ನಾವು ಹೊರಸಿದ್ರ ಆ ಮಾತ ಬ್ಯಾರೆ.

ಇನ್ನ ಕಾಟಾ ಮ್ಯಾಲ ತೂಗಲಾರದ ಉಡುಗೊರಿ ಒಂದೈತಿ. ಅದು ನಮ್ಮ ಅಂಜಿಕಿ. ಆವತ್ತು ಊಟಕ್ಕ ಬಂದವರು ಸಾಮಾನಿನ ಜೋಡಿ ಒಬ್ಬೊಬ್ರು ಒಂದೊಂದು ಮಾತು ಕೊಟ್ಟು ಹೋದ್ರು. ಹೆಣ್ಣಮಗಳು ಒಬ್ಬಾಕೀನ? ಏನರೆ ಆದ್ರ? ಲಗ್ನಕ್ಕ ಯಾರು ಕೇಳ್ತಾರ? ಕುಕ್ಕರು ಕೊಟ್ಟಾಕಿ ಅಂತೂ "ತಿರಗಿ ಬಂದ ಮ್ಯಾಲ ಸಂಸಾರಕ್ಕ ಆಗ್ತೈತಿ" ಅಂದೇ ಕೊಟ್ಲು. ಆಕಿ ಕುಕ್ಕರು ಬಿಟ್ಟು ಹೋದ್ಲು. ಮಾತು ಬಿಟ್ಟು ಹೋಗಲಿಕ್ಕೆ ಬರತೈತೇನು?

ಆ ಹಾದಿಯ ಒಂದು ಕತಿ ಆಕಿ ನನಗ ಹೇಳಿದ್ಲು, ಭಾಳ ಹಿಡಿಸ್ತು. ಎಮ್ಮಾ ಗೇಟ್‌ವುಡ್ ಅಂತ ಓಹಾಯೋ ರಾಜ್ಯದ ಹೆಣ್ಣಮಗಳು. 11 ಮಕ್ಕಳ ತಾಯಿ, ಮೊಮ್ಮಕ್ಕಳೂ ಇದ್ರು. 1954ರಾಗ ಮೊದಲ ಸಲ ನಡೀಲಿಕ್ಕೆ ಹೋಗಿ, ದಾರಿ ತಪ್ಪಿ, ಚಸ್ಮಾ ಒಡಕೊಂಡು, ಕಾಡಿನ ಸಿಬ್ಬಂದಿ ಹುಡುಕಿ "ಮನಿಗೆ ಹೋಗಮ್ಮಾ" ಅಂತ ಕಳಿಸಿದ್ರು. ಮರು ವರ್ಷ 1955ರಾಗ, 67ನೇ ವಯಸ್ಸಿನ್ಯಾಗ, ಎಲ್ಲಿಗೆ ಅಂತ ಮಕ್ಕಳಿಗೆ ಖರೆ ಹೇಳ್ದ ಹೋಗಿ ಪೂರಾ ಹಾದಿ ಒಬ್ಬಾಕೀನ ನಡದ್ಲು. ಒಬ್ಬಾಕೀನ ಒಂದ ಸಲಕ್ಕ ಪೂರಾ ನಡದ ಮೊದಲನೇ ಹೆಣ್ಣಮಗಳು ಆಕೀನ. ತಾನ ಹೊಲಕೊಂಡ ಒಂದು ಚೀಲ, ಒಂದು ಕಂಬಳಿ, ಮಳಿಗೆ ಜಳಕದ ಮನಿಯ ಪ್ಲಾಸ್ಟಿಕ್ ಪರದಾ, ಕಾಲಾಗ ಕ್ಯಾನ್ವಾಸ್ ಬೂಟು. ಹಾದ್ಯಾಗಿನ ಮನಿ ಮಂದಿ ಊಟ ಹಾಕಿದ್ರು, ಮಲಗಲಿಕ್ಕೆ ಜಾಗಾ ಕೊಟ್ರು. ಈಗೂ ಆ ಹಾದ್ಯಾಗ ಗುರುತು ಪರಿಚಯ ಇಲ್ಲದವ್ರು ನಡಿಯೋರಿಗೆ ಅಂತ ನೀರು, ಹಣ್ಣು ಇಟ್ಟು ಹೋಗ್ತಾರಂತ. ನಮ್ಮ ಶ್ರೀಶೈಲದ ಹಾದಿಯ ದಾಸೋಹದ ಪೆಂಡಾಲು ಇದ್ದಂಗ ಅನಿಸ್ತು ನನಗ.

ಈಗ ನಮ್ಮ ಮನಿ ಮಾತು ಮುಗಸ್ತೀನಿ. ಬಳಗದಾಗ ಎಲ್ಲಾರಿಗೂ ಗೊತ್ತೇ ಐತಿ, ಮುಚ್ಚಿಡೂದೇನಿಲ್ಲ. ನಮ್ಮ ಹುಡುಗಿ ಹಾದಿ ಮುಗಸಲಿಲ್ಲ. ಮಾರ್ಚಿನ್ಯಾಗ ಶುರು ಮಾಡಿದಾಕಿ ಜುಲೈನ್ಯಾಗ ಪೆನ್ಸಿಲ್ವೇನಿಯಾ ಮುಟ್ಟಿದ್ಲು. ಅಲ್ಲಿ ಹಾದಿಯ ಅರ್ಧ ಆಗ್ತೈತಿ, ಅರ್ಧಕ್ಕ ಬಂದವರು ಸುಮಾರು ಎರಡು ಲೀಟರು ಐಸ್‌ಕ್ರೀಮು ಒಬ್ಬರ ತಿನ್ನೋ ಪದ್ಧತಿ ಐತಂತ, ತಿಂದು ಫೋಟೋ ಕಳಿಸಿದ್ಲು. ಅದ ರಾಜ್ಯದ ಉತ್ತರಕ್ಕ ಹಾದಿ ತುಂಬ ಚೂಪು ಕಲ್ಲು. ಅಲ್ಲಿ ಪಾದದ ಸಣ್ಣ ಎಲುವು ಬಿರುಕು ಬಿಡ್ತು. ಎರಡು ಸಾವಿರ ಕಿಲೋಮೀಟರಿಗೆ ಹಾದಿ ನಿಂತಿತು. ಪಕ್ಕದ ರಾಜ್ಯದಾಗ ನನ್ನ ಮಗಳ ಮನಿಗೆ ಬಂದು ಬಿದ್ದುಕೊಂಡ್ಲು.

ಊರಿಂದ ಫೋನ್ ಮ್ಯಾಲ ಫೋನು. ಎಲ್ಲಾರದೂ ಒಂದ ಮಾತು, "ನಾವು ಹೇಳಿದ್ದಿಲ್ಲಾ?" ವೈನಿನೂ ಅಂದ್ರು. ನಾನೂ ಅಂದೆ, ಅದ ಮಾತಲ್ಲ ಖರೆ, "ಸಾಕು ಬಿಡವ್ವಾ ಇನ್ನ" ಅಂದೆ, ಅದೂ ಅದ ಜಾತಿ ಮಾತು. ಒಂಬತ್ತು ದಿನ ಆಕಿ ಯಾರ ಫೋನೂ ಎತ್ತಲಿಲ್ಲ. ಎರಡು ಸಾವಿರ ಕಿಲೋಮೀಟರು ನಡದಾಕಿಗೆ ನಮ್ಮ ಬಳಗದಾಗ ಒಬ್ರೂ "ಎಷ್ಟು ದೂರ ನಡದಿ!" ಅನ್ನಲಿಲ್ಲ. ಶ್ರೀಶೈಲಕ್ಕ ನಾನೂರು ಕಿಲೋಮೀಟರು ನಡದು ಬಂದ ಇವರ ಕಾಲಿಗೆ ಓಣಿ ಮಂದಿ ನೀರು ಹಾಕಿ ನಮಸ್ಕಾರ ಮಾಡಿದ್ರು.

ಅದಕ್ಕ ಹೇಳ್ತೀನಿ, ಪೂರಾ ಮುಗಿಸಿ ಬರೋರಿಗಷ್ಟ ಅಲ್ಲ, ನಡುವ ತಿರಗಿ ಬರೋರಿಗೂ ಒಂದು ಉಡುಗೊರಿ ತಯಾರು ಇಟ್ಕೊಂಡಿರ್ರಿ. ನಾಕರಾಗ ಮೂರು ಮಂದಿ ಹಂಗ ತಿರಗಿ ಬರೋರ ಇರ್ತಾರ. ಬಾಯಿಂದ ಎರಡು ಒಳ್ಳೆ ಮಾತು ಬರ್ಲಿಲ್ಲಂದ್ರ ಬಿಸಿನೀರು, ಅರಿಷಿಣ ಎಣ್ಣಿ ಇದ್ದ ಅದಾವಲ್ಲ.

ಒಂದು ಮಾತು ಉಳೀತು. ಏಪ್ರಿಲ್‌ನ್ಯಾಗ ಗುರ್ತಿನವ್ರು ಅಮೇರಿಕಾಕ್ಕ ಹೊಂಟಾಗ ವೈನಿ ಒಂದು ಕಿಲೋ ಅಂಟಿನ ಉಂಡಿ ಕಟ್ಟಿ ನನ್ನ ಮಗಳಿಗೆ ಕಳಿಸಿದ್ರು, ಆಕಿ ವರ್ಜೀನಿಯಾದ ಒಂದು ಊರಿಗೆ ಪೋಸ್ಟ್ ಮಾಡಿದ್ಲು. "ವೈನಿ, ನಿಮಗ ಒಪ್ಪಿಗಿ ಇಲ್ಲಂದ್ರಿ, ಉಂಡಿ ಯಾಕ್ರಿ?" ಅಂತ ಕೇಳಿದ್ದೆ. "ಒಪ್ಪಿಗಿ ಈಗೂ ಇಲ್ಲ. ಅದ ಬ್ಯಾರೆ, ಉಂಡಿ ಬ್ಯಾರೆ" ಅಂದಿದ್ರು. ಈಗ ಹುಡುಗಿ ಕಾಲು ಆರಾಮಾಗೈತಿ, ಬರೋ ಜೂನಿಗೆ ಉಳದ ಹಾದಿ ನಡೀತೀನಿ ಅಂತಾಳ. ವೈನಿ ಒಪ್ಪಿಗಿ ಈಗೂ ಕೊಟ್ಟಿಲ್ಲ. ಮೊನ್ನೆ ಮಾತ್ರ ಅಂಟು ಯಾವ ಅಂಗಡ್ಯಾಗ ಛಲೋ ಸಿಗ್ತೈತಿ ಅಂತ ನನ್ನ ಕೇಳಿದ್ರು.

ಅಕ್ಕಾರ, ನಿಮ್ಮ ತಂಗಿ ಮಗಗ ಸಂಕ್ರಾಂತಿಗೆ ಒಂದು ಜೋಡಿ ಉಣ್ಣಿ ಕಾಲಚೀಲ ಕೊಡ್ರಿ. ಯಾವ ಊರಿಗೆ ಯಾವಾಗ ಮುಟ್ತಿ ಅಂತ ಕೇಳಿ ಬರಕೊಳ್ರಿ. ಶೇಂಗಾ ಚಟ್ನಿ, ಉಂಡಿ ನಾವಿಬ್ರೂ ಕೂಡಿ ಮಾಡೂಣು. ಬೆಳ್ಳಿ ಗ್ಲಾಸು ತಗದಿಡ್ರಿ. ತಿರಗಿ ಬಂದ ಮ್ಯಾಲ, ಎಲ್ಲಿ ತನಕ ನಡದು ಬಂದ್ರೂ ಸರಿ, ಅದರಾಗ ಬಾದಾಮಿ ಹಾಲು ಹಾಕಿ ಕೊಡ್ರಿ.